ಅಳೆಯದೇ ಹೋಗುವ ಸ್ನಾಯು

ಕ್ಯಾನ್ಸರ್ ರೋಗಿಯ ಕಡತ ತೆರೆದು ನೋಡಿದರೆ ಗಡ್ಡೆಯ ಬಗ್ಗೆ ಬೇಕಾದ್ದೆಲ್ಲ ಇರುತ್ತದೆ. ಎಷ್ಟು ಸೆಂಟಿಮೀಟರ್ ಬೆಳೆದಿದೆ, ಯಾವ ಹಂತ, ಯಾವ ಗ್ರಂಥಿಗೆ ಹಬ್ಬಿದೆ, ಬಯಾಪ್ಸಿಯಲ್ಲಿ ಏನು ಬಂತು. ಆದರೆ ಆರು ತಿಂಗಳ ಹಿಂದೆ ಆ ಮನುಷ್ಯ ಎಷ್ಟು ಕಿಲೋ ತೂಗುತ್ತಿದ್ದ ಎಂದು ಹುಡುಕಿ ನೋಡಿ, ಬಹಳಷ್ಟು ಕಡತಗಳಲ್ಲಿ ಸಿಗುವುದಿಲ್ಲ. ಮನೆಯವರನ್ನು ಕೇಳಿದರೆ "ಮೈ ಇಳಿದುಹೋಗಿದೆ ಸಾರ್" ಎನ್ನುತ್ತಾರೆ. ಎಷ್ಟು ಇಳಿದಿದೆ ಎಂಬುದು ಅವರಿಗೂ ಗೊತ್ತಿಲ್ಲ.

ಆ ಸಂಖ್ಯೆಗೆ ಎಷ್ಟು ಬೆಲೆಯಿದೆ ಎನ್ನುವುದು ವೈದ್ಯಲೋಕಕ್ಕೆ ತಿಳಿದು ನಾಲ್ಕು ದಶಕ ದಾಟಿತು. 1980ರಲ್ಲಿ ಅಮೆರಿಕದ ವೈದ್ಯರ ಗುಂಪೊಂದು 3,047 ಕ್ಯಾನ್ಸರ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಅಂಶ ಎದ್ದು ಕಂಡಿತು. ಕೀಮೋಥೆರಪಿ ಶುರುವಾಗುವ ಮೊದಲೇ ತೂಕ ಕಳೆದುಕೊಂಡಿದ್ದವರು, ಹೆಚ್ಚಿನ ಬಗೆಯ ಕ್ಯಾನ್ಸರ್‌ಗಳಲ್ಲಿ, ತೂಕ ಉಳಿಸಿಕೊಂಡಿದ್ದವರಿಗಿಂತ ಕಡಿಮೆ ಕಾಲ ಬದುಕಿದ್ದರು. 2011ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಈ ಸ್ಥಿತಿಗೆ ಖಚಿತವಾದ ಗಡಿ ಹಾಕಿದರು. ಬೇಕೆಂದು ಪಥ್ಯ ಮಾಡದೆ ಆರು ತಿಂಗಳಲ್ಲಿ ದೇಹತೂಕದ ಶೇ 5ಕ್ಕಿಂತ ಹೆಚ್ಚು ಇಳಿದಿದ್ದರೆ ಅದು ಕ್ಯಾಕೆಕ್ಸಿಯಾ, ಅಂದರೆ ರೋಗವೇ ಸ್ನಾಯುವನ್ನು ಕರಗಿಸುತ್ತಿರುವ ಸ್ಥಿತಿ. ದೇಹತೂಕ ಸೂಚ್ಯಂಕ (ಕಿಲೋಗಳಲ್ಲಿನ ತೂಕವನ್ನು ಮೀಟರ್‌ಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) 20ಕ್ಕಿಂತ ಕಡಿಮೆ ಇರುವವರಲ್ಲಿ ಶೇ 2ಕ್ಕಿಂತ ಹೆಚ್ಚು ಇಳಿದರೂ ಸಾಕು. 58 ಕಿಲೋ ಇದ್ದ ರೈತ 55ಕ್ಕೆ ಬಂದರೆ ಮೊದಲ ಗಡಿ ದಾಟಿದಂತೆ. 45 ಕಿಲೋ ತೂಗುವ ತೆಳ್ಳನೆಯ ಹೆಂಗಸು ಒಂದೇ ಒಂದು ಕಿಲೋ ಕಳೆದುಕೊಂಡರೆ ಎರಡನೆಯ ಗಡಿ ದಾಟಿದಂತೆ.

ಈ ಎರಡನೆಯ ಗಡಿಯೇ ನಮ್ಮ ಕಡೆಗೆ ಹೆಚ್ಚು ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 17.2ರಷ್ಟು ಮಂದಿಯ ಸೂಚ್ಯಂಕ 18.5ಕ್ಕೂ ಕೆಳಗಿದೆ. ಕಾಯಿಲೆ ಬರುವ ಮೊದಲೇ ಇವರ ಮೈಯಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲ. ಯುರೋಪಿನಲ್ಲಿ 80 ಕಿಲೋ ಇರುವ ರೋಗಿ ಐದು ಕಿಲೋ ಕಳೆದುಕೊಂಡು ಚಿಕಿತ್ಸೆಗೆ ಬಂದರೂ ಅವನ ಮೈಯಲ್ಲಿ ಒಂದಿಷ್ಟು ದಾಸ್ತಾನು ಉಳಿದಿರುತ್ತದೆ. ಹಿರಿಯೂರಿನ ಬಯಲಲ್ಲಿ ಕೂಲಿ ಮಾಡುವ ಹೆಂಗಸಿಗೆ ಆ ಅನುಕೂಲವಿಲ್ಲ.

ಹಿರಿಯೂರು ಸೇರಿರುವ ಚಿತ್ರದುರ್ಗ ಜಿಲ್ಲೆಯಲ್ಲಿ ಮೈ ಇಳಿಯುವುದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. ಹೊಳಲ್ಕೆರೆ, ಹೊಸದುರ್ಗ ಅಡಿಕೆ ತೋಟಗಳ ಸೀಮೆ, ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಎಲೆ ಅಡಿಕೆ, ಅದರ ಜೊತೆಗೆ ಹೊಗೆಸೊಪ್ಪು, ಇತ್ತೀಚೆಗೆ ಪೊಟ್ಟಣದ ಪುಡಿಗಳು ದಿನದ ಅಭ್ಯಾಸವಾಗಿರುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಹೊಗೆಸೊಪ್ಪು ಸೇರದ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 2004ರಲ್ಲಿ. ತೋಟವನ್ನೇ ನಂಬಿ ಬದುಕುವವರಿಗೆ ಇದು ಕಹಿ ಮಾತು ಎಂದು ಬಲ್ಲೆ. ಆದರೂ ಅಡಿಕೆಯಿಂದ ಬಾಯಿಗಾಗುವುದನ್ನು ತಿಳಿಯದೆ ಸ್ನಾಯುವಿನ ಕತೆ ಪೂರ್ಣವಾಗದು. ಬಹಳ ಕಾಲ ಅಡಿಕೆ ಜಗಿದವರ ಕೆನ್ನೆಯ ಒಳಪದರ ಕ್ರಮೇಣ ಗಟ್ಟಿಯಾಗಿ, ನಾರುಗಟ್ಟಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಖಾರ ಉರಿಯುತ್ತದೆ. ಮೊದಲು ರೊಟ್ಟಿ ಬಿಡುತ್ತಾರೆ, ಆಮೇಲೆ ಕಾಳು ಪಲ್ಯ, ಆಮೇಲೆ ಮಾಂಸ. ಕೊನೆಗೆ ತಿಳಿಸಾರು ಅನ್ನ ಉಳಿಯುತ್ತದೆ. ಅದೇ ಬಾಯಿಯಲ್ಲಿ ಮುಂದೆ ಹುಣ್ಣು ಕಾಣಿಸಿಕೊಂಡು ಬಯಾಪ್ಸಿಯಾಗುವ ಹೊತ್ತಿಗೆ ಊಟ ಎಷ್ಟೋ ತಿಂಗಳಿಂದ ಸೊರಗಿರುತ್ತದೆ. ಯಾರೂ ಅದನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸಿರುವುದಿಲ್ಲ.

ಹಾಗಾದರೆ ಇದು ಬರಿಯ ಹಸಿವಿನ ಸಮಸ್ಯೆಯೇ, ಚೆನ್ನಾಗಿ ಉಣ್ಣಿಸಿದರೆ ತೀರಿತೇ? ಅಷ್ಟು ಸರಳವಲ್ಲ. ಅದಕ್ಕೇ ಇದು ಅಪಾಯಕಾರಿ.

ಬರಿಯ ಉಪವಾಸವಿದ್ದಾಗ ದೇಹ ಜಾಣತನದಿಂದ ನಡೆದುಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಕೊಬ್ಬನ್ನು ಉರಿಸಿ ಬದುಕುವ ದಾರಿಗೆ ಹೊರಳುತ್ತದೆ, ಒಟ್ಟು ಖರ್ಚು ತಗ್ಗಿಸುತ್ತದೆ, ಸ್ನಾಯುವನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಹಿಂದೆ ನಮ್ಮ ಸೀಮೆಯಲ್ಲಿ ಬರ ಬಿದ್ದಾಗ ಹಗೇವಿನ ರಾಗಿಯನ್ನು ಅಳೆದು ಅಳೆದು ತೆಗೆಯುತ್ತಿದ್ದರಲ್ಲ, ಹಾಗೆ. ಕ್ಯಾನ್ಸರ್‌ನಲ್ಲಿ ಆ ಹಿಡಿತ ತಪ್ಪುತ್ತದೆ. ಗಡ್ಡೆಯೂ, ಅದರ ವಿರುದ್ಧ ಕೆರಳಿದ ರೋಗನಿರೋಧಕ ಜೀವಕೋಶಗಳೂ ಸೈಟೋಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತವೆ. ಇವುಗಳಲ್ಲೊಂದನ್ನು ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಸಂಶೋಧಕರು 1985ರ ಸುಮಾರಿಗೆ ಬೇರ್ಪಡಿಸಿದಾಗ, ಅದು ಮೈ ಕರಗಿಸುವುದನ್ನು ಕಂಡು 'ಕ್ಯಾಕೆಕ್ಟಿನ್' ಎಂದೇ ಕರೆದಿದ್ದರು. ಈಗ ಅದನ್ನು ಟಿಎನ್‌ಎಫ್ ಎನ್ನುತ್ತಾರೆ. ಇಂಥ ಸಂದೇಶ ತಲುಪಿದ ಸ್ನಾಯುಕೋಶದೊಳಗೆ ಯೂಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು, ಒಡೆಯಬೇಕಾದ ಪ್ರೋಟೀನುಗಳಿಗೆ ಗುರುತು ಹಚ್ಚುತ್ತದೆ. ಪ್ರೋಟಿಯಾಸೋಮ್ ಎಂಬ ರಚನೆ ಗುರುತು ಬಿದ್ದದ್ದನ್ನೆಲ್ಲ ತುಂಡರಿಸುತ್ತದೆ. ಆರೋಗ್ಯವಂತನಲ್ಲೂ ದಿನವೂ ನಡೆಯುವ ಕೆಲಸವೇ ಇದು. ಆದರೆ ಅಲ್ಲಿ ಒಡೆದಷ್ಟೇ ಕಟ್ಟುವುದೂ ನಡೆಯುತ್ತದೆ, ಇಲ್ಲಿ ಒಡೆಯುವುದು ಹೆಚ್ಚಿ ಕಟ್ಟುವುದು ಹಿಂದೆ ಬೀಳುತ್ತದೆ.

ಒಡೆದು ಬಂದ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಬಿಡಿ ಘಟಕಗಳು, ಯಕೃತ್ತಿಗೆ ಹೋಗುತ್ತವೆ. ಯಕೃತ್ತು ಅವುಗಳಿಂದ ಉರಿಯೂತದ ಕಾಲಕ್ಕೆ ಬೇಕಾದ ಬೇರೆ ಪ್ರೋಟೀನುಗಳನ್ನು ತಯಾರಿಸುತ್ತದೆ. ಹಲವು ಗಡ್ಡೆಗಳು ಗ್ಲೂಕೋಸನ್ನು ಅರ್ಧಂಬರ್ಧ ಬಳಸಿ ಲ್ಯಾಕ್ಟೇಟ್ ಆಗಿ ಹೊರಹಾಕುತ್ತವೆ, ಅದನ್ನು ಯಕೃತ್ತು ಮತ್ತೆ ಗ್ಲೂಕೋಸ್ ಮಾಡಬೇಕು. ಗಡ್ಡೆಗೆ ಎರಡು ಘಟಕ ಶಕ್ತಿ ಸಿಗುವ ಕಡೆ ಯಕೃತ್ತಿಗೆ ಆರು ಘಟಕ ಖರ್ಚು. ರೋಗಿ ಮಂಚದ ಮೇಲೆ ಮಲಗಿದ್ದಾಗಲೂ ಈ ನಷ್ಟ ನಿಲ್ಲುವುದಿಲ್ಲ. ಇದರ ಮೇಲೆ ಜಿಡಿಎಫ್-15 ಎಂಬ ಇನ್ನೊಂದು ಪ್ರೋಟೀನು ಮೆದುಳಿನ ಬುಡಕ್ಕೆ ಸಂದೇಶ ಕಳಿಸಿ ಹಸಿವನ್ನೇ ಅಡಗಿಸುತ್ತದೆ. ತಟ್ಟೆ ತಳ್ಳುವ ರೋಗಿಯನ್ನು ಹಟಮಾರಿ ಎಂದು ಗದರುವ ಮನೆಯವರು ಇದನ್ನು ತಿಳಿದಿರಬೇಕು. ಅವನು ಬೇಡವೆನ್ನುತ್ತಿಲ್ಲ, ಅವನ ಮೆದುಳಿಗೆ ಬೇಡವೆಂಬ ಸುದ್ದಿ ಹೋಗುತ್ತಿದೆ.

ಸ್ನಾಯು ಕಡಿಮೆಯಾದರೆ ನಡೆಯಲು, ಮಲಗಿದವರು ಏಳಲು ಕಷ್ಟವಾಗುವುದು ಎಲ್ಲರಿಗೂ ಕಾಣುತ್ತದೆ. ಕಾಣದ ಹಾನಿ ಬೇರೆ ಇದೆ. ಉಸಿರು ಎಳೆಯುವ ವಪೆಯೂ ಸ್ನಾಯುವೇ, ಕಫ ಕೆಮ್ಮಿ ತೆಗೆಯುವುದೂ ಸ್ನಾಯುವಿನ ಬಲದಿಂದಲೇ. ಜೊತೆಗೆ ಕೀಮೋ ಔಷಧದ ಪ್ರಮಾಣವನ್ನು ಸಾಮಾನ್ಯವಾಗಿ ಎತ್ತರ ಮತ್ತು ತೂಕದಿಂದ ಲೆಕ್ಕಹಾಕುವ ಮೈಯ ಹೊರವಿಸ್ತೀರ್ಣದ ಮೇಲೆ ನಿರ್ಧರಿಸುತ್ತಾರೆ. ಒಂದೇ ತೂಕದ ಇಬ್ಬರಲ್ಲಿ ಒಬ್ಬನಿಗೆ ಸ್ನಾಯು ಹೆಚ್ಚು, ಇನ್ನೊಬ್ಬನಿಗೆ ಕೊಬ್ಬು ಅಥವಾ ನೀರು ಹೆಚ್ಚು ಇರಬಹುದು. ಔಷಧ ಮಾತ್ರ ಇಬ್ಬರಿಗೂ ಒಂದೇ ಪ್ರಮಾಣ. ಸ್ನಾಯು ಕಡಿಮೆ ಇರುವವರಲ್ಲಿ ಕೀಮೋದ ವಿಷಪರಿಣಾಮ ಹೆಚ್ಚು ಎಂದು ಸಿಟಿ ಸ್ಕ್ಯಾನ್ ಬಳಸಿ ಮಾಡಿದ ಹಲವು ಅಧ್ಯಯನಗಳು ತೋರಿಸಿವೆ. ವಿಷಪರಿಣಾಮ ಹೆಚ್ಚಾದರೆ ಔಷಧ ತಗ್ಗಿಸಬೇಕು ಇಲ್ಲವೇ ಮುಂದೂಡಬೇಕು. ಆಗ ಗಡ್ಡೆಗೆ ಸಮಯ ಸಿಗುತ್ತದೆ, ಉರಿಯೂತ ಮುಂದುವರಿಯುತ್ತದೆ, ಸ್ನಾಯು ಇನ್ನಷ್ಟು ಕರಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ, ಕಾಲು ಊದಿದ ರೋಗಿಯ ತೂಕ ಇಳಿಯದೇ ಇರಬಹುದು, ಏರಲೂಬಹುದು. ತಕ್ಕಡಿ ಅಲ್ಲಿ ಸುಳ್ಳು ಹೇಳುತ್ತದೆ.

ಕ್ಯಾನ್ಸರ್‌ನ ಹೊರೆ ಬೆಳೆಯುತ್ತಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿ ದೇಶದಲ್ಲಿ ಆ ವರ್ಷ 13.9 ಲಕ್ಷ ಹೊಸ ಪ್ರಕರಣಗಳನ್ನೂ, 2025ಕ್ಕೆ 15.7 ಲಕ್ಷವನ್ನೂ ಅಂದಾಜಿಸಿತ್ತು. 2020ರ ಪ್ರಕರಣಗಳಲ್ಲಿ ಶೇ 27ರಷ್ಟು ತಂಬಾಕಿಗೆ ಸಂಬಂಧಿಸಿದವು. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್‌ಗಳು ಈ ಗುಂಪಿನವು. ತೂಕ ಬೇಗ ಇಳಿಸುವ ಕ್ಯಾನ್ಸರ್‌ಗಳಲ್ಲಿ ಇವೂ ಸೇರಿವೆ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ ಹೋಗಿ ದಾಖಲಾಗುವವರೆಗೆ ಅನುಮಾನ, ಬಯಾಪ್ಸಿ, ಸ್ಕ್ಯಾನ್, ಕಾರ್ಡು, ಜೊತೆಗೆ ಹೋಗುವವರು ಯಾರೆಂಬ ಚಿಂತೆ, ಹೀಗೆ ವಾರಗಳು ಉರುಳುತ್ತವೆ. ಆ ವಾರಗಳಲ್ಲಿ ಗಡ್ಡೆಗೆ ಚಿಕಿತ್ಸೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಸ್ನಾಯುವಿಗೂ ಚಿಕಿತ್ಸೆ ಇಲ್ಲ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ನನ್ನ ಆತಂಕ ಮುಖ್ಯವಾಗಿ ಈ ವಾರಗಳದ್ದು. ಯಾಕೆಂದರೆ ಆಗ ಮಾಡಬೇಕಾದದ್ದಕ್ಕೆ ಬೆಂಗಳೂರು ಬೇಕಿಲ್ಲ.

ಯುರೋಪಿನ ಕ್ಲಿನಿಕಲ್ ಪೋಷಣೆಯ ತಜ್ಞ ಸಂಘದ ಮಾರ್ಗಸೂಚಿ ಹೇಳುವುದು ಇಷ್ಟು: ಕ್ಯಾನ್ಸರ್ ರೋಗಿಗೆ ದೇಹತೂಕದ ಕಿಲೋಗೆ ದಿನಕ್ಕೆ 25ರಿಂದ 30 ಕ್ಯಾಲರಿ, ಪ್ರೋಟೀನು ಕಿಲೋಗೆ 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ. ಆರೋಗ್ಯವಂತ ಭಾರತೀಯನಿಗೆ ಶಿಫಾರಸಾಗಿರುವುದು 0.83 ಗ್ರಾಂ. ಅಂದರೆ ಹಸಿವು ಸತ್ತಿರುವ ಹೊತ್ತಿನಲ್ಲೇ ಮಾಮೂಲಿಗಿಂತ ಹೆಚ್ಚು ಬೇಕು. 50 ಕಿಲೋ ತೂಕದ ರೋಗಿಗೆ ದಿನಕ್ಕೆ 50ರಿಂದ 75 ಗ್ರಾಂ ಪ್ರೋಟೀನು.

ನಮ್ಮ ಊಟದಲ್ಲಿ ಎಷ್ಟಿದೆ ನೋಡೋಣ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನು. 200 ಗ್ರಾಂ ಹಿಟ್ಟಿನ ಎರಡು ಮುದ್ದೆಗೆ 14 ಆಯಿತು. ನೂರು ಗ್ರಾಂ ಅಕ್ಕಿಯ ಅನ್ನಕ್ಕೆ 8. ಸಾರಿಗೆ ಹಾಕಿದ 30 ಗ್ರಾಂ ತೊಗರಿಬೇಳೆಗೆ 6, ಒಂದು ಲೋಟ ಹಾಲಿಗೆ 6. ಒಟ್ಟು 34ರ ಆಸುಪಾಸು. ಇದು ಪೂರ್ತಿ ಉಂಡವರ ಲೆಕ್ಕ. ರೋಗಿ ಅರ್ಧ ತಟ್ಟೆ ಬಿಟ್ಟು ಏಳುತ್ತಾನೆ, ಹಾಗಾಗಿ 17. ಅಗತ್ಯದ ಕನಿಷ್ಠ ಮಟ್ಟದ ಮೂರನೇ ಒಂದು ಭಾಗ. ಈಗ ಅದರ ಮೇಲೆ ಎರಡು ಮೊಟ್ಟೆ, 50 ಗ್ರಾಂ ಹುರಿದ ಶೇಂಗಾ, 300 ಮಿಲಿಲೀಟರ್ ಹಾಲು ಇಲ್ಲವೇ ಮೊಸರು ಇಡೀ ದಿನಕ್ಕೆ ಹಂಚಿಕೊಟ್ಟರೆ ಇನ್ನೂ 34 ಗ್ರಾಂ ಸೇರುತ್ತದೆ. ಆಗ ಒಟ್ಟು 51, ಕನಿಷ್ಠ ಗಡಿಯನ್ನು ಅಷ್ಟರಮಟ್ಟಿಗೆ ಮುಟ್ಟಿದಂತೆ. ಮೊಟ್ಟೆ ತಿನ್ನದವರ ಮನೆಯಲ್ಲಿ ಹುರಳಿ, ಕಡಲೆ, ಹೆಸರು, ಹೆಚ್ಚು ಮೊಸರು. ಹುರಳಿಯಲ್ಲಿ ನೂರಕ್ಕೆ ಸುಮಾರು 21 ಗ್ರಾಂ ಪ್ರೋಟೀನಿದೆ. ಆದರೆ ಹುರಳಿ ಬೇಯಿಸಿದ ಕಟ್ಟನ್ನು ಮಾತ್ರ ರೋಗಿಗೆ ಬಸಿದುಕೊಟ್ಟು ಕಾಳನ್ನು ಉಳಿದವರು ತಿಂದರೆ ಪ್ರೋಟೀನಿನ ಬಹುಪಾಲು ಉಳಿದವರ ಪಾಲಾಗುತ್ತದೆ. ಶೇಂಗಾ ಬೂಸಲು ಹಿಡಿದಿರಬಾರದು, ಅದರಲ್ಲಿ ಬೆಳೆಯುವ ಶಿಲೀಂಧ್ರದ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನು ಏರಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಇಷ್ಟಕ್ಕೂ ಈ ಪದಾರ್ಥಗಳು ಸಿಗದೇ ಇರುವ ಸೀಮೆಯಲ್ಲ ಇದು. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಶೇಂಗಾ ಜಿಲ್ಲೆಯ ಮುಖ್ಯ ಬೆಳೆ. ಅಡ್ಡಿ ಬರುವುದು ಬೇರೆ ಕಡೆಯಿಂದ. ಆಪರೇಷನ್ ಆದವರಿಗೆ, ಗಾಯವಿರುವವರಿಗೆ ಶೇಂಗಾ ನಂಜು, ಮೊಟ್ಟೆ ಉಷ್ಣ, ಮೊಸರು ಶೀತ, ಹುರಳಿ ಬಲು ಕಾವು. ಒಂದೊಂದಾಗಿ ತಟ್ಟೆಯಿಂದ ಎತ್ತಿಡುತ್ತ ಹೋದರೆ ಕೊನೆಗೆ ಗಂಜಿ ಮಾತ್ರ ಉಳಿಯುತ್ತದೆ. ಇದು ಪ್ರೀತಿಯಿಂದಲೇ ನಡೆಯುವ ಕೆಲಸ, ಆದ್ದರಿಂದಲೇ ತಡೆಯುವುದು ಕಷ್ಟ. ಈಚೆಗೆ ಮೊಬೈಲಿನಲ್ಲಿ ಬರುವ ಇನ್ನೊಂದು ಸಲಹೆಯೂ ಸೇರಿದೆ: ರೋಗಿಯನ್ನು ಉಪವಾಸ ಕೆಡವಿದರೆ ಗಡ್ಡೆ ಸಾಯುತ್ತದಂತೆ. ಊಟ ಬಿಟ್ಟರೆ ಗಡ್ಡೆ ಸೊರಗಿ ರೋಗಿ ಉಳಿಯುತ್ತಾನೆ ಎನ್ನಲು ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಆಧಾರ ಸಿಕ್ಕಿಲ್ಲ. ಗಡ್ಡೆ ಊಟವಿಲ್ಲದಿದ್ದರೂ ತನಗೆ ಬೇಕಾದ್ದನ್ನು ರೋಗಿಯ ಸ್ನಾಯುವಿನಿಂದ ಪಡೆಯುತ್ತದೆ. ಮೇಲೆ ಹೇಳಿದ ಮಾರ್ಗಸೂಚಿ ಇಂಥ ಉಪವಾಸಗಳನ್ನು ಬೇಡವೆನ್ನುತ್ತದೆ.

ಬಾಯಿ ತೆರೆಯಲಾಗದವರಿಗೆ, ಗಂಟಲಿಗೆ ಕಿರಣ ಚಿಕಿತ್ಸೆ ನಡೆಯುತ್ತಿರುವವರಿಗೆ ಸಮಸ್ಯೆ ಬೇರೆಯೇ. ಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಎರಡು ಮೂರನೇ ವಾರದ ಹೊತ್ತಿಗೆ ಬಾಯಿಯ ಒಳಪದರ ಸುಲಿದು ಹುಣ್ಣಾಗುತ್ತದೆ. ಕುಡಿಯಲು ಆಗುವುದು ತೆಳು ಗಂಜಿ ಮಾತ್ರ. ತೆಳು ಗಂಜಿಯಲ್ಲಿ ಇರುವುದು ಬಹುತೇಕ ನೀರು. ಹಿಟ್ಟು ಹೆಚ್ಚು ಹಾಕಿದರೆ ಪಿಷ್ಟದ ಕಣಗಳು ಉಬ್ಬಿ ಗಂಜಿ ಅಂಟಂಟಾಗಿ ಗಟ್ಟಿಯಾಗುತ್ತದೆ, ಗಂಟಲಲ್ಲಿ ಇಳಿಯದು. ಇದಕ್ಕೊಂದು ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿದಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ತುಂಬಿರುತ್ತದೆ. ಅದರ ಕೆಲಸ ಪಿಷ್ಟದ ಉದ್ದನೆಯ ಸರಪಳಿಯನ್ನು ಕತ್ತರಿಸುವುದು. ಗಟ್ಟಿಯಾಗಿ ಕಾಸಿದ ಗಂಜಿಯನ್ನು ಒಲೆಯಿಂದ ಇಳಿಸಿ, ಕುದಿ ಆರಿ ಇನ್ನೂ ಚೆನ್ನಾಗಿ ಬಿಸಿಯಿರುವಾಗ ಒಂದು ಚಮಚ ಮೊಳಕೆ ರಾಗಿಹಿಟ್ಟು ಕಲಸಿಟ್ಟರೆ ಕೆಲವೇ ನಿಮಿಷದಲ್ಲಿ ನೀರು ಸೇರಿಸದೆಯೇ ತೆಳ್ಳಗಾಗುತ್ತದೆ. ಅದೇ ಲೋಟದಲ್ಲಿ ಮೊದಲಿಗಿಂತ ಹೆಚ್ಚು ಹಿಟ್ಟು, ಹೆಚ್ಚು ಕ್ಯಾಲರಿ ಹಿಡಿಸುತ್ತದೆ. ಆಮೇಲೆ ಇನ್ನೊಮ್ಮೆ ಕುದಿಸಬೇಕು, ಯಾಕೆಂದರೆ ಚಿಕಿತ್ಸೆಯಲ್ಲಿರುವವರ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಮೊಳಕೆ ಹಿಟ್ಟನ್ನು ಕೆಂಪಗೆ ಹುರಿದಿದ್ದರೆ ಕಿಣ್ವ ಸತ್ತುಹೋಗಿರುತ್ತದೆ, ನೆರಳಲ್ಲಿ ಒಣಗಿಸಿದ ಹಿಟ್ಟೇ ಬೇಕು. ಇದಕ್ಕೆ ಹಾಲು, ನುಣ್ಣಗೆ ಅರೆದ ಶೇಂಗಾ, ಒಂದು ಚಮಚ ತುಪ್ಪ ಬೆರೆಸಿದರೆ ಮೂಗಿನ ನಳಿಕೆಯಲ್ಲೂ ಸೋಸಿ ಕೊಡಬಹುದಾದ ಆಹಾರ. ನಳಿಕೆ ಎಂದರೆ ಕೊನೆಗಾಲ ಬಂತೆಂದು ಹೆದರಿ ಬೇಡವೆನ್ನುವವರು ಬಹಳ. ಬಾಯಿ ಗಂಟಲಿನ ಕ್ಯಾನ್ಸರ್‌ನಲ್ಲಿ ಅದು ಚಿಕಿತ್ಸೆ ಪೂರ್ತಿಯಾಗುವವರೆಗೆ ಸ್ನಾಯು ಕಾಯುವ ಸಾಧನ. ವಾರಗಟ್ಟಲೆ ಏನೂ ಉಣ್ಣದವರಿಗೆ ಮಾತ್ರ ನಳಿಕೆಯಲ್ಲಿ ಒಮ್ಮೆಲೇ ಹೆಚ್ಚು ಕೊಡಬಾರದು. ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯವಾಗಬಹುದು, ಆಸ್ಪತ್ರೆಯಲ್ಲಿ ನೋಡಿಕೊಂಡು ಏರಿಸಬೇಕು.

ಹಿಟ್ಟಿನ ಇಂಥ ಮಿಶ್ರಣವನ್ನು ದೆಹಲಿಯ ಏಮ್ಸ್‌ನಲ್ಲಿ ಪರೀಕ್ಷಿಸಿದ್ದಾರೆ. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕ್ಯಾಕೆಕ್ಸಿಯಾ ಇದ್ದ 63 ಹೆಂಗಸರಿದ್ದರು. ಒಂದು ಗುಂಪಿಗೆ ಹುರಿದ ಕಡಲೆ, ಬಾರ್ಲಿ, ಸೋಯಾ, ಅಗಸೆಬೀಜ ಮುಂತಾದವುಗಳ ಹಿಟ್ಟನ್ನು ದಿನಕ್ಕೆ 100 ಗ್ರಾಂನಂತೆ ಆರು ತಿಂಗಳು ಕೊಟ್ಟರು. ಹಿಟ್ಟು ಸಿಗದ ಗುಂಪಿನ ತೂಕ ಗಣನೀಯವಾಗಿ ಇಳಿಯಿತು, ಹಿಟ್ಟು ತಿಂದವರದು ಇಳಿಯಲಿಲ್ಲ. ಸಣ್ಣ ಅಧ್ಯಯನ, ಆದರೆ ದುಬಾರಿ ಡಬ್ಬಿಗಳಿಲ್ಲದೆ ಮಾಡಿದ್ದು. ನಮ್ಮ ಹುರಿಹಿಟ್ಟು ಇದಕ್ಕಿಂತ ಬಹಳ ದೂರವೇನಿಲ್ಲ.

ಆಹಾರಕ್ಕೆ ಇರುವ ಮಿತಿಯನ್ನೂ ನೇರವಾಗಿ ಹೇಳಬೇಕು. ಶ್ವಾಸಕೋಶ ಮತ್ತು ಮೇದೋಜೀರಕ ಗ್ರಂಥಿಯ ಮುಂದುವರಿದ ಕ್ಯಾನ್ಸರ್ ಇದ್ದ 212 ಮಂದಿಯ ಮೇಲೆ ಯುರೋಪಿನ ನೇತೃತ್ವದಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಪೂರಕ ಆಹಾರ, ವ್ಯಾಯಾಮ, ಉರಿಯೂತ ತಗ್ಗಿಸುವ ಮಾತ್ರೆ ಮೂರನ್ನೂ ಸೇರಿಸಿ ಕೊಟ್ಟರು. ತೂಕ ಇಳಿಯದೆ ನಿಂತಿತು. ಸ್ನಾಯು ಮಾತ್ರ ಹೆಚ್ಚು ಉಳಿಯಲಿಲ್ಲ. ರೋಗ ಮುಂದುವರಿದ ಮೇಲೆ ಊಟವೊಂದೇ ಸಾಲದು ಎಂಬುದಕ್ಕೆ ಇದು ಸಾಕ್ಷಿ. ಔಷಧಗಳು ಬರುತ್ತಿವೆ. ಪುದುಚೇರಿಯ ಜಿಪ್ಮರ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಓಲಾಂಜಪಿನ್ ಎಂಬ ಹಳೆಯ, ಅಗ್ಗದ ಮಾತ್ರೆಯನ್ನು ದಿನಕ್ಕೆ 2.5 ಮಿಲಿಗ್ರಾಂನಷ್ಟು ಕೀಮೋ ಜೊತೆಗೆ 12 ವಾರ ಕೊಟ್ಟಾಗ ಶೇ 60 ಮಂದಿಯ ತೂಕ ಶೇ 5ಕ್ಕಿಂತ ಹೆಚ್ಚು ಏರಿತು. ಹುಸಿಮಾತ್ರೆ ಪಡೆದವರಲ್ಲಿ ಹಾಗೆ ಏರಿದ್ದು ಶೇ 9 ಮಂದಿಗೆ. ಮಾನಸಿಕ ಕಾಯಿಲೆಗೆ ಕೊಡುವ ಮಾತ್ರೆ ಇದು, ವೈದ್ಯರ ಚೀಟಿಯಿಲ್ಲದೆ ಮುಟ್ಟುವಂಥದ್ದಲ್ಲ. ಜಿಡಿಎಫ್-15ನ್ನು ತಡೆಯುವ ಚುಚ್ಚುಮದ್ದೊಂದು 2024ರಲ್ಲಿ 187 ರೋಗಿಗಳ ಪರೀಕ್ಷೆಯಲ್ಲಿ ತೂಕ ಏರಿಸಿ ತೋರಿಸಿದೆ. ಆದರೆ ಹಸಿವು ಮರಳಿದಾಗ ತಟ್ಟೆಯಲ್ಲಿ ಪ್ರೋಟೀನು ಇಲ್ಲದಿದ್ದರೆ ಸ್ನಾಯು ಕಟ್ಟಲು ಸಾಮಗ್ರಿಯೇ ಇರುವುದಿಲ್ಲ. ಸ್ನಾಯುವಿಗೆ ಕೆಲಸವೂ ಬೇಕು: ಕುರ್ಚಿಯಿಂದ ಎದ್ದು ಕೂರುವುದು, ಅಂಗಳದಲ್ಲಿ ನಾಲ್ಕು ಹೆಜ್ಜೆ. ಪೂರಾ ಮಲಗಿಸಿ ಬಿಟ್ಟರೆ ಆರೋಗ್ಯವಂತನ ಸ್ನಾಯುವೂ ಕರಗುತ್ತದೆ.

ಪೋಷಣೆಯನ್ನು ಚಿಕಿತ್ಸೆಯ ಭಾಗ ಎಂದು ಸರ್ಕಾರ ಒಪ್ಪಿಕೊಂಡ ಉದಾಹರಣೆ ನಮ್ಮಲ್ಲೇ ಇದೆ. ಕ್ಷಯರೋಗಿಗೆ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ ಪೋಷಣೆಗೆಂದೇ ಬರುತ್ತದೆ. ಮಂಗಳೂರಿನ ಯೇನಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ 2,800 ಕ್ಷಯರೋಗಿಗಳಿಗೆ ಪಡಿತರ ಕೊಟ್ಟು ತೂಕ ಅಳೆಯುತ್ತ ಹೋದರು. ಮೊದಲೆರಡು ತಿಂಗಳಲ್ಲಿ ತೂಕ ಶೇ 5 ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು ಎಂದು 2023ರಲ್ಲಿ ವರದಿ ಮಾಡಿದರು. ಕ್ಷಯದಲ್ಲಿ ರೋಗಾಣು ಸತ್ತರೆ ಉರಿಯೂತ ಇಳಿಯುತ್ತದೆ, ಕ್ಯಾನ್ಸರ್ ಅಷ್ಟು ಸುಲಭವಾಗಿ ಬಿಡುವುದಿಲ್ಲ, ಆದ್ದರಿಂದ ಅದೇ ಫಲವನ್ನು ಇಲ್ಲಿ ನಿರೀಕ್ಷಿಸುವುದು ತಪ್ಪು. ಆದರೆ ಅಳೆದು, ಉಣ್ಣಿಸಿ, ಮತ್ತೆ ಅಳೆಯುವ ಕ್ರಮ ಹಳ್ಳಿಗಳಲ್ಲಿ ಸಾಧ್ಯ ಎಂಬುದು ಅಲ್ಲಿ ಸಾಬೀತಾಗಿದೆ. ಕ್ಯಾನ್ಸರ್ ರೋಗಿಗೆ ಅಂಥ ರಾಷ್ಟ್ರೀಯ ಪೋಷಣೆ ಯೋಜನೆ ಇಲ್ಲ.

ಯೋಜನೆ ಬರುವವರೆಗೆ ಕಾಯಬೇಕಾಗಿಲ್ಲ. ಮೂವತ್ತು ದಾಟಿದವರ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಆರೋಗ್ಯ ಕೇಂದ್ರಗಳ ಕೆಲಸವಾಗಿ ಈಗಾಗಲೇ ಇದೆ. ಆ ತಪಾಸಣೆಯ ಕಾರ್ಡಿನಲ್ಲೇ ಪ್ರತಿ ಸಲದ ತೂಕ ಬರೆದಿಟ್ಟರೆ ಮುಂದೊಂದು ದಿನ ಆರು ತಿಂಗಳ ಹಿಂದಿನ ಸಂಖ್ಯೆ ತಾನಾಗಿ ಸಿಗುತ್ತದೆ. ಕೈಹಿಡಿತ ಅಳೆಯುವ ಉಪಕರಣ ಇರುವಲ್ಲಿ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋಗಿಂತ ಕಡಿಮೆ ಬಂದರೆ ದುರ್ಬಲ ಎಂದು ಏಷ್ಯಾದ ತಜ್ಞರು 2019ರಲ್ಲಿ ನಿಗದಿ ಮಾಡಿದ್ದಾರೆ. ಉಪಕರಣ ಇಲ್ಲದಲ್ಲಿ ದರ್ಜಿಯ ಟೇಪು ಸಾಕು: ಮೀನಖಂಡದ ಅತಿ ದಪ್ಪನೆಯ ಜಾಗದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಸ್ನಾಯು ಕಡಿಮೆಯಾಗಿರುವ ಸಂಶಯ. ಕಾಲು ಊದಿದವರಲ್ಲಿ ಮಾತ್ರ ಇದನ್ನು ನಂಬುವಂತಿಲ್ಲ. ಮನೆಯವರಿಗೆ ಸಡಿಲಾದ ಉಡಿದಾರ, ಜಾರುವ ಉಂಗುರ, ದೊಗಳೆಯಾದ ರವಿಕೆ ಇದಕ್ಕೂ ಮೊದಲೇ ಸುಳಿವು ಕೊಟ್ಟಿರುತ್ತವೆ.

ಯಾಕಿಷ್ಟು ಅವಸರ ಎಂದರೆ, 2011ರ ಆ ತಜ್ಞರೇ ಗುರುತಿಸಿದ ಕೊನೆಯ ಹಂತವೊಂದಿದೆ. ಚಿಕಿತ್ಸೆಗೆ ಕ್ಯಾನ್ಸರ್ ಬಗ್ಗದೆ, ಆಯಸ್ಸು ಮೂರು ತಿಂಗಳಿಗೂ ಕಡಿಮೆ ಎನಿಸಿದ ಮೇಲೆ ಸ್ನಾಯುವನ್ನು ಯಾವ ಊಟವೂ ತರಲಾರದು. ಆಗ ಒತ್ತಾಯದಿಂದ ಉಣ್ಣಿಸಿದರೆ ವಾಂತಿ, ಹೊಟ್ಟೆಯುಬ್ಬರ, ಶ್ವಾಸಕೋಶಕ್ಕೆ ಆಹಾರ ನುಗ್ಗುವ ಅಪಾಯ. ರೋಗಿಗೆ ಇಷ್ಟವಾದದ್ದನ್ನು ಇಷ್ಟವಾದಷ್ಟು ಕೊಡುವುದೇ ಆಗ ಸರಿಯಾದ ಪೋಷಣೆ. ಮೇಲೆ ಹೇಳಿದ ಮೊಟ್ಟೆ, ಶೇಂಗಾ, ಮೊಳಕೆ ಗಂಜಿಗೆ ಬೆಲೆಯಿರುವುದು ಆ ಹಂತಕ್ಕೆ ಬಹಳ ಮುಂಚೆ, ಶೇ 5 ಇನ್ನೂ ಇಳಿದಿರದಾಗ ಅಥವಾ ಈಗಷ್ಟೇ ಇಳಿದಿರುವಾಗ. ಹೊಸದುರ್ಗದ ಇಲ್ಲವೇ ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಯಿಂದ ಹೊರಡುವ ರೆಫರಲ್ ಚೀಟಿಯ ಮೇಲೆ ಇವತ್ತಿನ ತೂಕ, ಆರು ತಿಂಗಳ ಹಿಂದಿನ ತೂಕ, ಮೀನಖಂಡದ ಸುತ್ತಳತೆ ಬರೆದಿರಬೇಕು. ಹಿಂದಿನ ತೂಕ ನೆನಪಿಲ್ಲದಿದ್ದರೆ ಅಡಿಕೆ ಮಂಡಿಯ ತಕ್ಕಡಿಯ ಮೇಲೆ ಎಂದಾದರೂ ನಿಂತಿದ್ದೀರಾ ಎಂದಾದರೂ ಕೇಳಬೇಕು. ಬೆಂಗಳೂರಿನ ವೈದ್ಯರಿಗೆ ಔಷಧದ ಪ್ರಮಾಣ ಗೊತ್ತುಮಾಡುವಾಗಲೂ, ಕಿರಣ ಚಿಕಿತ್ಸೆಗೆ ಮುಂಚೆಯೇ ನಳಿಕೆ ಹಾಕಬೇಕೆ ಎಂದು ತೀರ್ಮಾನಿಸುವಾಗಲೂ ಆ ಮೂರು ಸಂಖ್ಯೆಗಳು ಬೇಕಾಗುತ್ತವೆ.